ಐದು ನಿಮಿಷ ಹಿಂದೆ

ಗಾಜಿನ ಬೀರುವಿನ ಬೀಗ ಜಪ್ಪಯ್ಯ ಎಂದರೂ ಬಿಡಲಿಲ್ಲ. ಗಡಿಯಾರ ರಿಪೇರಿಯವನು ಕನ್ನಡಕವನ್ನು ಹಣೆಗೇರಿಸಿ, ಜೇಬಿನ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಮೆಲ್ಲಗೆ ಮೀಟಿದ. ಅವನ ಬೆನ್ನ ಹಿಂದೆ, ನಡುಮನೆಯಲ್ಲಿ, ಬೀರುವಿನ ಯಜಮಾನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಲಗಿದ್ದ. ನಲವತ್ತು ವರ್ಷ ಅಂಚೆ ವಿಂಗಡಿಸಿದ ಜೀವ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಇದ್ದದ್ದು ಇಂಗ್ಲೆಂಡಿನ ಇಪ್ಪತ್ತಮೂರು ಹಳೇ ಜೇಬುಗಡಿಯಾರ. ಹೆಣ ಎತ್ತುವ ಹೊತ್ತಾದರೂ ಬಂದವರು ಬೆರಳೆಣಿಕೆಯಷ್ಟೇ.

"ಅವನು ಜೀವ ಇಟ್ಕೊಂಡಿದ್ದು ಯಾವುದೋ, ಅದು ಅವನ ಜೇಬಲ್ಲೇ ಹೋಗ್ಲಿ," ಎಂದಳು ಸತ್ತವನ ಅಕ್ಕ. "ನಮಗೇನು ಗೊತ್ತಾಗುತ್ತೆ? ನೀವೇ ಆರಿಸಿ ಕೊಡಿ."

"ಅಮ್ಮಾ, ಎಲ್ಲಕ್ಕಿಂತ ಹಳೇದನ್ನೇ ಮಣ್ಣಿಗೆ ಹಾಕ್ತೀಯಾ?" ಎಂದ ಅವಳ ಮಗ. "ಮಾವ ಇದ್ದಾಗಂತೂ ಮುಟ್ಟೋಕೆ ಬಿಡ್ಲಿಲ್ಲ."

"ಹತ್ತು ಗಂಟೆಗೆ ಏಳೋನಿಗೆ ಗಡಿಯಾರ ಯಾಕೋ? ಸುಮ್ನಿರು."

ಬೀಗ ಬಿಟ್ಟಿತು. ರಿಪೇರಿಯವನ ಕೈ ನಡುವಿನ ಕೊಕ್ಕೆಯ ಹತ್ತಿರ ಹೋಗಿ ನಿಂತಿತು. ಕೆಂಪು ಮಖಮಲ್ಲಿನ ಮೇಲೆ ಬೆಳ್ಳಿಯ ಗಡಿಯಾರ. ದಾರದಲ್ಲಿ ಇಳಿಬಿಟ್ಟ ಚೀಟಿಯ ಮೇಲೆ ಮುತ್ತಿನಂಥ ಅಕ್ಷರ: '೧೭೯೦. ಎಲ್ಲರಿಗೂ ಹಿರಿಯ.'

ಆ ಇಸವಿ ಸುಳ್ಳು. ಅದು ತನ್ನೊಬ್ಬನಿಗೇ ಗೊತ್ತು ಎಂದುಕೊಂಡಿದ್ದ.

*

ಇಪ್ಪತ್ತು ವರ್ಷದ ಹಿಂದೆ ಆ ಇಸವಿ ಓದಿ ಹೇಳಿದವನೂ ರಿಪೇರಿಯವನೇ. ಬೆಳ್ಳಿ ಕವಚದ ಒಳಗೆ ಒತ್ತಿದ ಒಂದೇ ಒಂದು ಅಕ್ಷರ. ಇಂಗ್ಲೆಂಡಿನಲ್ಲಿ ಬೆಳ್ಳಿಗೆ ವರ್ಷಕ್ಕೊಂದು ಅಕ್ಷರ; ಅದರಿಂದ ಇಸವಿ ಹಿಡಿಯಬೇಕು. ಹೇಳಿದಾಗ ಅಂಚೆಯವನು ಕುಣಿಯುವುದೊಂದು ಬಾಕಿ. ಮುಂದಿನ ಸಲ ಎಣ್ಣೆ ಬಿಡುವಾಗ ಕಣ್ಣಿಗೆ ಬಿತ್ತು: ಕವಚವೇನೋ ಹಳೆಯದು, ಒಳಗಿನ ಯಂತ್ರ ಬೇರೊಂದು ಗಡಿಯಾರದ್ದು. ಅರವತ್ತು ವರ್ಷ ಕಿರಿಯದು.

"ಹೇಗಿದ್ದಾನಯ್ಯ ನಮ್ಮ ಹಿರಿಯ?"

"ಗಟ್ಟಿ ಇದ್ದಾನೆ." ಯಂತ್ರದ ಮಾತೆತ್ತದೆ ಕವಚ ಮುಚ್ಚಿದ.

ಆಮೇಲೆ ತಿಂಗಳಿಗೊಮ್ಮೆ ಅದೇ ಗಡಿಯಾರ, ಅದೇ ಮಾತು: "ಐದು ನಿಮಿಷ ಹಿಂದೆ ಬೀಳ್ತಿದೆ ಕಣಯ್ಯ, ನೋಡು." ಎಷ್ಟು ಹುಡುಕಿದರೂ ಕುಂದು ಸಿಗುತ್ತಿರಲಿಲ್ಲ. ಸಿಕ್ಕಿತೆಂದೇ ಹೇಳುತ್ತಿದ್ದ. ಬಿಚ್ಚಿ, ಒರೆಸಿ, ಮುಚ್ಚುವಷ್ಟು ಹೊತ್ತು ಅಂಚೆಯವನು ಸ್ಟೂಲಿನ ಮೇಲೆ ಕೂತಿರುತ್ತಿದ್ದ. ಮಾತು ಅಷ್ಟಕ್ಕಷ್ಟೇ.

*

ಈಗ ಹೇಳಿದರೆ ಇಪ್ಪತ್ತು ವರ್ಷ ಬಚ್ಚಿಟ್ಟದ್ದು ಹೆಣದ ಮುಂದೆ ಬಯಲಾಗುತ್ತದೆ. ಹೇಳದಿದ್ದರೆ ಗೆಳೆಯ ಆ ಸುಳ್ಳನ್ನೇ ಎದೆಗವಚಿಕೊಂಡು ಹೋಗುತ್ತಾನೆ.

"ಅಕ್ಕಾ, ಒಂದು ಮಾತು..." ಎನ್ನುತ್ತ ಗಡಿಯಾರ ಇಳಿಸಿದ. ಚೀಟಿ ಮಗುಚಿಕೊಂಡಿತು. ಹಿಂದೆಯೂ ಅದೇ ಮುತ್ತಿನ ಅಕ್ಷರ. ಶಾಯಿ ಮಾಸಿ ಕಂದಾಗಿತ್ತು.

'ಕವಚ ೧೭೯೦. ಯಂತ್ರ ೧೮೫೦. ಓದಿ ಹೇಳಿದವನಿಗೆ ತಿಳಿಸಬಾರದು, ನೊಂದುಕೊಂಡಾನು. ಗಡಿಯಾರ ಸರಿಯಾಗಿಯೇ ಓಡುತ್ತಿದೆ.'

"ಏನು ಮಾತು?" ಎಂದಳು ಅಕ್ಕ.

"ಏನಿಲ್ಲ. ಇದೇ ಅಂದೆ."

ಚೀಟಿ ಬಿಚ್ಚಿ ತನ್ನ ಜೇಬಿಗಿಟ್ಟುಕೊಂಡ. ಗಡಿಯಾರಕ್ಕೆ ಕೀಲಿ ಕೊಟ್ಟ. ಗೋಡೆಯತ್ತ ನೋಡಿದ; ನಾಲ್ಕು ಗಂಟೆ. ಮುಳ್ಳನ್ನು ತಿರುಗಿಸಿ ನಾಲ್ಕಕ್ಕೆ ಐದು ನಿಮಿಷ ಇರುವಂತೆ ನಿಲ್ಲಿಸಿದ.

ಅಕ್ಕನ ಮಗ ಇಣುಕಿದ. "ಹಿಂದಿದೆಯಲ್ಲ ಯಜಮಾನ್ರೇ?"

"ಹೌದಪ್ಪ. ಇದು ಐದು ನಿಮಿಷ ಹಿಂದೇನೇ ಓಡೋದು," ಎಂದು ರಿಪೇರಿಯವನು ಬಗ್ಗಿ, ಇಸ್ತ್ರಿಯ ಮಡಿಕೆ ಕೆಡದಂತೆ, ಅದನ್ನು ಗೆಳೆಯನ ಜೇಬಿಗಿಳಿಸಿದ.