ಅಲಗಿನ ಮೇಲಿನ ಬರಹ

ಡಾಕ್ಟರ್ ವಿನೋದಿನಿ ಐರ್ಲೆಂಡಿನ ವಾಟರ್‌ಫರ್ಡ್‌ನ ಆಸ್ಪತ್ರೆಯಲ್ಲಿ ಹದಿನೇಳು ವರ್ಷಗಳಿಂದ ಶಸ್ತ್ರಚಿಕಿತ್ಸೆ ಮಾಡುತ್ತಿದ್ದವರು. ಒಮ್ಮೆ ರಜೆಗೆಂದು ಸಿಸಿಲಿಗೆ ಹೋದಾಗ ಸಂತೆಯಲ್ಲಿ ಕೊಂಬಿನ ಹಿಡಿಯ ಮಡಿಸುವ ಚಾಕುವೊಂದನ್ನು ಕೊಂಡರು. ಆ ಹುಚ್ಚು ಅಲ್ಲಿಗೇ ನಿಲ್ಲಲಿಲ್ಲ. ಈಗ ಅವರ ಮನೆಯ ಗಾಜಿನ ಕಪಾಟಿನಲ್ಲಿ ಮೆಡಿಟರೇನಿಯನ್ ಕಡಲ ಸುತ್ತಲಿನ ನಲವತ್ತು ಹಳೆಯ ಚಾಕು, ಕಠಾರಿಗಳಿದ್ದವು. ಎಲ್ಲಕ್ಕೂ ಮೇಲಿನದು ಗ್ರೀಸಿನ ಕ್ರೀಟ್ ದ್ವೀಪದ ಕಠಾರಿ. ಅದರ ಮೂಳೆಯ ಹಿಡಿ ಮೀನಿನ ಬಾಲದಂತೆ ಕವಲೊಡೆದಿತ್ತು. ಅಲಗಿನ ಮೇಲೆ ಗ್ರೀಕ್ ಲಿಪಿಯಲ್ಲಿ ಎರಡು ಸಾಲಿನ ಪದ್ಯ, ಕೆಳಗೆ 1878 ಎಂಬ ಇಸವಿ.

ಅತ್ಲೋನ್‌ನ ಸಂಗ್ರಾಹಕರ ಕೂಟ ಅವರನ್ನು ಭಾಷಣಕ್ಕೆ ಕರೆಯಿತು. ಆ ಕೂಟದ ಕೆಲಸ ನೋಡಿಕೊಳ್ಳುತ್ತಿದ್ದವನು ಅಲ್ಲೇ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಬೆಂಗಳೂರಿನ ಶ್ರೀನಿಧಿ. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಎಂಟು ಚಾಕುಗಳನ್ನಿಟ್ಟುಕೊಂಡು ವಿನೋದಿನಿ ಕಾರಿನಲ್ಲಿ ಹೊರಟರು.

ಭಾನುವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಪ್ರತಿಯೊಂದು ಅಲಗನ್ನೂ ಎತ್ತಿ ಹಿಡಿದು, ಯಾವುದು ಕುರುಬನದು, ಯಾವುದು ನಾವಿಕನದು ಎಂದು ವಿನೋದಿನಿ ಲೀಲಾಜಾಲವಾಗಿ ವಿವರಿಸಿದರು. ಕೊನೆಗೆ ಕ್ರೀಟಿನ ಕಠಾರಿಯನ್ನು ಎಲ್ಲರ ಕೈಗೂ ಕೊಟ್ಟರು. ಎರಡನೆಯ ಸಾಲಿನಲ್ಲಿದ್ದ ಬಿಳಿಗೂದಲಿನ ಹೆಂಗಸೊಬ್ಬಳು ಅದನ್ನು ಬಹಳ ಹೊತ್ತು ನೋಡಿದಳು. ಅವಳ ಹೆಸರು ಅರ್ಗಿರೋ. ಕ್ರೀಟಿನವಳೇ, ಅತ್ಲೋನ್‌ನಲ್ಲಿ ಮಗಳ ಮನೆಯಲ್ಲಿದ್ದಳು.

"ಡಾಕ್ಟರೇ, ಪದ್ಯ ಚೆನ್ನಾಗಿದೆ. ಆದರೆ ಇದು 1878ರ ಬರಹ ಅಲ್ಲ" ಎಂದಳು.

"ಹೇಗೆ ಹೇಳ್ತೀರಿ?" ವಿನೋದಿನಿ ಕೇಳಿದರು.

"ಹಿಂದೆ ನಮ್ಮ ಅಕ್ಷರಗಳ ನೆತ್ತಿಯ ಮೇಲೆ ಬಗೆಬಗೆಯ ಚಿಹ್ನೆಗಳಿದ್ದವು. ಅವನ್ನು ತಪ್ಪಾಗಿ ಬರೆದು ನಾನು ಶಾಲೆಯಲ್ಲಿ ಏಟು ತಿಂದಿದ್ದೇನೆ. 1980ರ ದಶಕದಲ್ಲಿ ಸರ್ಕಾರ ಅವನ್ನೆಲ್ಲ ತೆಗೆದು ಒಂದೇ ಗೆರೆ ಉಳಿಸಿತು. ಇಲ್ಲಿರುವುದು ಆ ಒಂದು ಗೆರೆ ಮಾತ್ರ."

"ಕೆತ್ತಿದವನಿಗೆ ಓದು ಬಾರದೆ ಚಿಹ್ನೆ ಬಿಟ್ಟಿರಬಹುದಲ್ಲ?"

"ಓದು ಬಾರದವನು ಒಂದೂ ತಪ್ಪಿಲ್ಲದೆ, ಗೆರೆಯನ್ನು ಸರಿಯಾದ ಜಾಗದಲ್ಲೇ ಹಾಕುತ್ತಾನೆಯೇ?"

ವಿನೋದಿನಿ ಅದನ್ನು ಅವಳ ಕೈಯಿಂದ ಹಿಂದಕ್ಕೆ ತೆಗೆದುಕೊಂಡರು. ಒಂಬತ್ತು ವರ್ಷ ಈ ಕಠಾರಿಯನ್ನು ಕಂಡಕಂಡವರಿಗೆಲ್ಲ ತೋರಿಸಿ ಮೆರೆದಿದ್ದರು.

ಶ್ರೀನಿಧಿ ಹತ್ತಿರ ಬಂದು ಪಿಸುಗುಟ್ಟಿದ: "ಅಕ್ಕ, ಟೀ ಬ್ರೇಕ್ ಅನೌನ್ಸ್ ಮಾಡಿಬಿಡ್ಲಾ? ಆಮೇಲೆ ಯಾರೂ ಕೇಳಲ್ಲ."

"ಬೇಡ ಕಣೋ. ನಿನ್ನ ಫೋನ್ ಕ್ಯಾಮೆರಾನ ಆ ಸ್ಕ್ರೀನಿಗೆ ಹಾಕಕ್ಕಾಗುತ್ತಾ? ಎಲ್ಲರಿಗೂ ಕಾಣ್ಲಿ."

ಅಲಗು ಗೋಡೆಯಗಲವಾಗಿ ಪರದೆಯ ಮೇಲೆ ಮೂಡಿತು. ವಿನೋದಿನಿ ಪೆನ್ಸಿಲ್ಲಿನ ತುದಿಯಿಂದ ಅಕ್ಷರಗಳನ್ನು ಒಂದೊಂದಾಗಿ ಹಿಂಬಾಲಿಸಿದರು. ಮೂರನೆಯ ಪದದ ಹತ್ತಿರ ಅವರ ಕೈ ನಿಂತಿತು. ತುಕ್ಕು ತಿಂದು ಬಿದ್ದ ಸಣ್ಣ ಕುಳಿಯೊಳಕ್ಕೂ ಅಕ್ಷರದ ಗೆರೆ ನುಣುಪಾಗಿ ಇಳಿದು ಮೇಲೆದ್ದಿತ್ತು.

"ಇಲ್ಲಿ ನೋಡಿ" ಎಂದರು. "ತುಕ್ಕು ಮೊದಲು ಬಂದಿದೆ, ಬರಹ ಆಮೇಲೆ. ಹಳೆಯ ಗಾಯದ ಕಲೆಯ ಮೇಲೆ ಹೊಸದಾಗಿ ಕುಯ್ದ ಹಾಗೆ. ದಿನಾ ಇಂಥದ್ದನ್ನೇ ನೋಡುವವಳು ನಾನು, ಇದನ್ನು ನೋಡಲಿಲ್ಲ. ಯಾಕೆಂದರೆ ಇದು ನಿಜವಾಗಿರಲಿ ಎಂದು ನನಗೆ ಆಸೆಯಿತ್ತು. ಅಲಗು ಹಳೆಯದು, ಬರಹ ಖೋಟಾ. ಈ ತಾಯಿ ಹೇಳಿದ್ದು ಸರಿ."

ಆಮೇಲಿನ ಒಂದು ಗಂಟೆ ಖೋಟಾ ಗುರುತಿಸುವುದು ಹೇಗೆ ಎನ್ನುವುದೇ ಭಾಷಣವಾಯಿತು. ಜನ ಕುರ್ಚಿ ಬಿಟ್ಟು ಮೇಜಿನ ಸುತ್ತ ನೆರೆದರು. ಕಠಾರಿಯ ಮುಂದಿದ್ದ '1878' ಎಂಬ ಚೀಟಿಯನ್ನು ವಿನೋದಿನಿ ಅಲ್ಲೇ ಹರಿದು, ಹೊಸದನ್ನು ಬರೆದಿಟ್ಟರು.

"ಬೇಜಾರಾಯ್ತಾ ಅಕ್ಕ?" ಪೆಟ್ಟಿಗೆಯನ್ನು ಕಾರಿಗೆ ಸಾಗಿಸುತ್ತ ಶ್ರೀನಿಧಿ ಕೇಳಿದ.

"ಆಯ್ತು. ಆದ್ರೆ ಇಲ್ಲಿಯವ್ರು ಹೇಳೋ ಹಾಗೆ ಐ ಆಮ್ ಗ್ರ್ಯಾಂಡ್, ಚೆನ್ನಾಗೇ ಇದೀನಿ. ಬರಹ ಇರೋ ಚಾಕುಗಳನ್ನ ಇಷ್ಟು ವರ್ಷ ಸೇರಿಸ್ದೆ, ಓದೋಕೆ ಮಾತ್ರ ಕಲೀಲಿಲ್ಲ ನೋಡು. ಅದಕ್ಕೇ ನಾಚಿಕೆ."

ಅವರು ತಿರುಗಿ ಒಳಗೆ ಹೋಗಿ ಅರ್ಗಿರೋಳ ಫೋನ್ ನಂಬರ್ ಕೇಳಿದರು. ಅಂದಿನಿಂದ ಪ್ರತಿ ಶನಿವಾರ ಬೆಳಿಗ್ಗೆ ವಿಡಿಯೋ ಕರೆಯಲ್ಲಿ ಪಾಠ. ಐವತ್ತೆರಡರ ವಯಸ್ಸಿನಲ್ಲಿ ವಿನೋದಿನಿ ಎರಡು ಗೆರೆಯ ಕಾಪಿ ಪುಸ್ತಕದಲ್ಲಿ ಗ್ರೀಕ್ ಅಕ್ಷರ ತಿದ್ದಿದರು. ತಪ್ಪಿದರೆ ಅರ್ಗಿರೋ ಮುಲಾಜಿಲ್ಲದೆ ಬೈಯುತ್ತಿದ್ದಳು.

ಮರುವರ್ಷದ ವಸಂತದಲ್ಲಿ ಡಬ್ಲಿನ್‌ನ ಹರಾಜಿನಲ್ಲಿ, ಹಿಡಿ ಸವೆದ ಕ್ರೀಟಿನ ಚಾಕುವೊಂದು ಮೂಲೆಯಲ್ಲಿ ಬಿದ್ದಿತ್ತು. 'ಅಸ್ಪಷ್ಟ ಗೀಚು' ಎಂದು ಪಟ್ಟಿಯಲ್ಲಿ ಬರೆದಿದ್ದರು. ವಿನೋದಿನಿ ಭೂತಗನ್ನಡಿ ಹಿಡಿದರು. ತುಕ್ಕು ಅಕ್ಷರಗಳನ್ನೇ ತಿಂದಿತ್ತು, ನೆತ್ತಿಯ ಮೇಲಿನ ಹಳೆಯ ಚಿಹ್ನೆಗಳು ಅಡ್ಡಾದಿಡ್ಡಿಯಾಗಿದ್ದವು. ಅವರು ತುಟಿಯಲ್ಲೇ ಕೂಡಿಸಿಕೊಂಡು ಓದಿದರು: 'ಇದು ಸ್ಟೆಲಿಯೋನದು. ಮುಟ್ಟಬೇಡ.' ಎರಡು ಮಾತು, ಮೂರು ಕಾಗುಣಿತದ ತಪ್ಪು.

ವಿನೋದಿನಿಗೆ ನಗು ತಡೆಯಲಾಗಲಿಲ್ಲ. ಹರಾಜಿನವನು ಆ ಚಾಕುವಿನ ಸಂಖ್ಯೆ ಕೂಗಿದೊಡನೆ, ಯಾರತ್ತಲೂ ನೋಡದೆ ಕೈಯೆತ್ತಿದರು.