ಹುಲ್ಲು ಮುಗಿಯುವಷ್ಟು ನಮಾಜು

ಈ ಅಜ್ಜನಿಗೆ ಮರೆವು ಎಂದು ಹೋದ ಸಲದ ವಾಯ್ಸ್ ಮೆಸೇಜು ಕೇಳಿ ನಕ್ಕವರು ಫೋನನ್ನು ಕಿವಿಯಿಂದ ಕೆಳಗಿಡಿ. ಬೆಳಿಗ್ಗೆ ತಿಂದದ್ದು ನಿಮಗೇ ನೆನಪಿಲ್ಲ, ನನ್ನನ್ನು ಪರೀಕ್ಷೆ ಮಾಡುತ್ತೀರಾ? ಇದು ಮಹಾರಾಜರ ಕಾಲದಲ್ಲಿ ನಮ್ಮಜ್ಜ ಚಾಮಯ್ಯ ಕಣ್ಣಾರೆ ಕಂಡದ್ದು.

ಬುಡನ್ ಸಾಬಿ ನರಸೀಪುರದಿಂದ ನಂಜನಗೂಡು ಸ್ಟೇಷನ್ನಿಗೆ ಜಟಕಾ ಹೊಡೆಯುತ್ತಿದ್ದ. ನಂಜನಗೂಡಿನ ಅಂಚಿನಲ್ಲಿ, ಸ್ಟೇಷನ್ನಿಗೆ ಸ್ವಲ್ಪ ಮೊದಲು ಸಿಗುವ ಮಸೀದಿಯ ಮುಂದೆ ನಿಲ್ಲಿಸಿ, ಕುದುರೆ ಮೋತಿಗೆ ಒಂದು ಕಂತೆ ಹುಲ್ಲು ಹಾಕಿ, ಮಧ್ಯಾಹ್ನದ ನಮಾಜು ಮುಗಿಸಿ ಬರುವುದು ರೂಢಿ. ಹುಲ್ಲು ಮುಗಿದರೆ ಸ್ಟೇಷನ್ನಿಗೆ ಹೊರಡಬೇಕು, ಮೋತಿಗೆ ಗೊತ್ತಿದ್ದುದು ಅಷ್ಟೇ.

ಹೀಗಿರಲು ಮಸೀದಿಗೆ ಹೊಸ ಮುಲ್ಲಾ ಬಂದರು, ಕಮಾಲುದ್ದೀನ್. ಬಹಳ ಓದಿದವರು, ಬಿಸಿರಕ್ತ. ನಮಾಜಿಗೆ ನಿಂತರೆ ನಿಂತೇ ಇರುವರು, ಹಣೆ ನೆಲಕ್ಕಿಟ್ಟರೆ ಏಳುವುದೇ ಇಲ್ಲ. ಹಿಂದೆ ನಿಂತವರು ಅವರಿಗಿಂತ ಮುಂಚೆ ಏಳುವಂತಿಲ್ಲ.

ಅವರು ಬಂದ ಮೊದಲ ದಿನವೇ ಜಟಕಾದಲ್ಲಿ ನಮ್ಮಜ್ಜನ ಜೊತೆ ನರಸೀಪುರದ ಭಾಗೀರಥಮ್ಮ ಇದ್ದರು. ಮೈಸೂರಲ್ಲಿ ಮಗಳಿಗೆ ಚೊಚ್ಚಲ ಹೆರಿಗೆ, ನೋವು ಶುರುವಾಗಿದೆ ಎಂದು ಸುದ್ದಿ ಬಂದಿತ್ತು. ಆ ರೈಲು ತಪ್ಪಿದರೆ ಮತ್ತೆ ಮಾರನೇ ದಿನವೇ.

“ರೈಲು ತಪ್ಪಿಸ್ಬೇಡ್ವೋ ಬುಡನ್!”

“ಎದ್ರುಬ್ಯಾಡಿ ಅಮ್ಮಾರೇ, ಈಗ್ ಬಂದೆ.”

ಅಜ್ಜ ಕಾಲು ಸಡಿಲ ಮಾಡಲು ಕೆಳಗಿಳಿದ. ಹುಲ್ಲು ಮುಗಿಯಿತು. ನಮಾಜು ಮುಗಿಯಲಿಲ್ಲ. ಮೋತಿ ಕತ್ತು ಕೊಡವಿ, ಒಳಗೆ ಕೂತಿದ್ದ ಭಾಗೀರಥಮ್ಮನ ಸಮೇತ ಹೊರಟೇಬಿಟ್ಟಿತು.

“ಅಯ್ಯೋ ನಂಜುಂಡೇಶ್ವರಾ! ಯಾರಾದ್ರೂ ಹಿಡೀರೋ!”

ಗೆಜ್ಜೆಯ ಸದ್ದು ದೂರವಾಗುವುದನ್ನು ಬುಡನ್ ಹಣೆ ನೆಲಕ್ಕಿಟ್ಟುಕೊಂಡೇ ಕೇಳಿದ. ನಮಾಜು ಮುಗಿದದ್ದೇ ಬರಿಗಾಲಲ್ಲಿ ಓಡಿದ. ಹಿಂದೆ ಮುಲ್ಲಾ, ಅವರ ಹಿಂದೆ ನಮ್ಮಜ್ಜ.

ಸ್ಟೇಷನ್ನಿನಲ್ಲಿ ರೈಲು ಕೂಗುತ್ತಿತ್ತು. ಭಾಗೀರಥಮ್ಮ ಲಗಾಮನ್ನು ಕೈಗೆ ಸುತ್ತಿಕೊಂಡು ಹೊರಗೇ ನಿಂತಿದ್ದರು.

“ಹತ್ತೀರೋ ಇಲ್ವೋ ಅಮ್ಮಾ?” ಎಂದು ಗಾರ್ಡು ಗದರುತ್ತಿದ್ದ.

“ಹ್ಯಾಗಯ್ಯಾ ಹತ್ತಲಿ? ಈ ಕುದುರೆ ಬುಡನ್ ಮನೆ ಅನ್ನ. ಬೀದೀಲಿ ಬಿಟ್ಟು ಹೋಗ್ಲಾ?”

ಬುಡನ್ ಲಗಾಮು ಹಿಡಿದ. ಗಾರ್ಡು ಆಕೆಯನ್ನು ಹತ್ತಿಸಿದ. ಹೊರಟ ರೈಲಿನ ಕಿಟಕಿಯಿಂದ ಕೂಗು ಬಂತು: “ಮುಲ್ಲಾ ಅವ್ರೇ, ದೇವ್ರಿಗೆ ಬೇಕಾದಷ್ಟು ಹೊತ್ತಿದೆ. ನನ್ನ ಮಗಳಿಗಿಲ್ಲ ಕಣಪ್ಪಾ!”

ಮುಲ್ಲಾ ಅಲ್ಲೇ ಕಲ್ಲಿನ ಮೇಲೆ ಕೂತರು. “ಹಿಂದಿನ ಸಾಲಲ್ಲಿ ಮಗು ಅತ್ರೆ ತಾಯಿ ಸಂಕಟ ಪಡ್ತಾಳೆ ಅಂತ ನಮ್ಮ ಪೈಗಂಬರರು ನಮಾಜನ್ನೇ ಚಿಕ್ಕದು ಮಾಡೋರು. ಊರೂರಲ್ಲಿ ನಾನೇ ಅದನ್ನ ಹೇಳಿದ್ದೀನಿ. ಇವತ್ತು ಆ ತಾಯಿ ಕೂಗಿದ್ದು ಕೇಳಿಸ್ತು ಬುಡನ್. ಕೇಳಿಸಿಯೂ ಏಳಲಿಲ್ಲ.”

ಮಾರನೇ ದಿನ ಮುಲ್ಲಾ ಹೆದರಿ ನಮಾಜನ್ನು ಎಷ್ಟು ಬೇಗ ಮುಗಿಸಿದರೆಂದರೆ, ಬುಡನ್ ಹೊರಗೆ ಬಂದಾಗ ಮೋತಿ ಹುಲ್ಲಿನಿಂದ ತಲೆಯನ್ನೇ ಎತ್ತಿರಲಿಲ್ಲ.

“ಅಜರತ್ ಮುಲ್ಲಾಸಾಬ್ರೇ, ನೆನ್ನೆ ಕುದ್ರೆ ನನಗ್ ಕಾಯ್ನಿಲ್ಲ. ಇವತ್ತು ನಾನು ಕುದ್ರೆಗೆ ಕಾಯ್ಬೇಕು. ಅಷ್ಟೂ ಬ್ಯಾಡಿ, ಇಷ್ಟೂ ಬ್ಯಾಡಿ!”

ಮುಲ್ಲಾ ಮೊದಲ ಸಲ ನಕ್ಕರು. “ನಮ್ಮ ದೀನ್-ಧರ್ಮ ಹೇಳೋದೂ ನಡುದಾರಿ ಹಿಡೀರಿ ಅಂತಾನೇ.”

ಅಂದಿನಿಂದ ಮೋತಿಯ ಹುಲ್ಲೂ ಮುಲ್ಲಾರ ನಮಾಜೂ ಒಟ್ಟಿಗೆ ಮುಗಿಯುತ್ತಿದ್ದವು. ಬಾಣಂತನ ಮುಗಿಸಿ ಬಂದ ಭಾಗೀರಥಮ್ಮ ಮೊದಲ ರಸಬಾಳೆ ಹಣ್ಣನ್ನು ಮೋತಿಗೆ ಕೊಟ್ಟರು, ಎರಡನೆಯದನ್ನು ಮುಲ್ಲಾರಿಗೆ.

ಕೇಳಿದಿರಲ್ಲ, ಇನ್ನೊಬ್ಬರಿಗೆ ದಾಟಿಸಿ. ದಿನಾ ಪೂಜೆ ಎಳೆದೆಳೆದು ಹೆಂಡತಿ ಮಕ್ಕಳನ್ನು ಹಸಿದು ಕೂರಿಸುವ ನಮ್ಮ ಸಿದ್ದಮಲ್ಲಪ್ಪನಿಗೆ ಮೊದಲು ಕಳಿಸಿ.