ವಾಸನೆಯ ಮಾತೆತ್ತದ ಮನೆ

೧

ಸೋಪು ಮಾಡುವವಳಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ.

ಕಥೆಯನ್ನು ಹೀಗೆ ಶುರು ಮಾಡಬಹುದೇ? ಮಾಡಿಯಾಯಿತು. ಆದರೂ ಸಮಾಧಾನವಿಲ್ಲ. ಮೊದಲ ಸಾಲಿನಲ್ಲೇ ಇಲ್ಲದ್ದನ್ನು ಹೇಳಿಬಿಟ್ಟರೆ, ಕೊನೆಯ ಸಾಲಿನಲ್ಲಿ ಅದು ಸಿಗುತ್ತದೆ ಎಂದು ನೀವು ಕಾಯುತ್ತೀರಿ. ಈಗಲೇ ಹೇಳಿಬಿಡುತ್ತೇನೆ, ಸಿಗುವುದಿಲ್ಲ. ಒಂದು ಜ್ವರ ಬಂತು, ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಕಾಯಿರಿ ಎಂದರು ಡಾಕ್ಟರು. ಆಮೇಲೆ ಕಾಯಿರಿ ಅನ್ನುವುದನ್ನೂ ಬಿಟ್ಟರು.

(ಇನ್ನೊಂದು ಆರಂಭವಿತ್ತು. ಅದರಲ್ಲಿ ಅವಳು ಬೆಟ್ಟದ ತುದಿಯಲ್ಲಿ ನಿಂತು ಸೂರ್ಯನನ್ನು ನೋಡುತ್ತಿದ್ದಳು. ಬಿದ್ದು ಎದ್ದವರ ಬಗ್ಗೆ ಬರೆದ ಪುಸ್ತಕಗಳ ಮುಖಪುಟದಲ್ಲಿ ಎಲ್ಲರೂ ಅಲ್ಲೇ ನಿಂತಿರುತ್ತಾರೆ. ನಮ್ಮವಳಿಗೆ ಮೊಣಕಾಲು ನೋವು. ಇಳಿಸಿದೆ.)

೨

ಬೀದಿಯವರು ಅವಳನ್ನು ಸೋಪಮ್ಮ ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ.

ಮನೆಯ ಹಿಂದಿನ ಎರಡು ಕೋಣೆಗಳೇ ಅವಳ ಕಾರ್ಖಾನೆ. ಒಂದರಲ್ಲಿ ಸ್ಟೀಲ್ ಹಂಡೆ, ಎಣ್ಣೆ ಡಬ್ಬಗಳು, ಕೈಗವಸು. ಇನ್ನೊಂದರಲ್ಲಿ ಗೋಡೆಯುದ್ದಕ್ಕೂ ಮರದ ಕಪಾಟು. ಕೊಯ್ದ ಸೋಪಿನ ಬಿಲ್ಲೆಗಳು ವಾರಗಟ್ಟಲೆ ಅದರ ಮೇಲೆ ಮಲಗಿ ಗಟ್ಟಿಯಾಗುತ್ತವೆ. ಗಂಡ ವ್ಯಾನಿನಲ್ಲಿ ಅಂಗಡಿಗಳಿಗೆ ಹಾಕಿ ಬರುತ್ತಾನೆ. ಗಂಡನ ತಂಗಿ, ಅಂದರೆ ನಾದಿನಿ, ಕೊಯ್ಯುತ್ತಾಳೆ, ಪ್ಯಾಕ್ ಮಾಡುತ್ತಾಳೆ. ಅತ್ತೆಯವರು ಎಲ್ಲರ ಕೆಲಸದಲ್ಲೂ ತಪ್ಪು ಹುಡುಕುತ್ತಾರೆ.

ಜ್ವರಕ್ಕೆ ಮೊದಲು ಸೋಪಮ್ಮ ಡಬ್ಬದ ಮುಚ್ಚಳ ತೆಗೆದು ಒಮ್ಮೆ ಮೂಸಿದರೆ ಮುಗಿಯಿತು, ಎಣ್ಣೆ ಒಳಗೆ ಬರಬೇಕೋ ವಾಪಸ್ ಹೋಗಬೇಕೋ ಅನ್ನುವುದು ತೀರ್ಮಾನವಾಗುತ್ತಿತ್ತು. ಜ್ವರ ಬಂದ ಮೇಲೆ ಮನೆಯಲ್ಲಿ ಒಂದು ಕಾನೂನು ಬಂತು. ಅದನ್ನು ಯಾರೂ ಮಾಡಲಿಲ್ಲ, ಎಲ್ಲರೂ ಪಾಲಿಸಿದರು: ಅವಳೆದುರು ವಾಸನೆಯ ಮಾತು ಎತ್ತಬಾರದು. ಗಂಡ "ಏನೋ ಸೀದ..." ಎಂದು ಶುರು ಮಾಡಿದವನು ನುಂಗಿಕೊಂಡು ಅಡುಗೆಮನೆಗೆ ಹೋಗಿ ಒಲೆ ಆರಿಸಿ ಬಂದ. ನಾದಿನಿ ಸೋಪು ಕೊಯ್ಯುವಾಗ ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು. ಅತ್ತೆಯವರಿಗೆ ಬಾಯಿ ಕಟ್ಟುವುದು ಎಲ್ಲರಿಗಿಂತ ಕಷ್ಟವಾಯಿತು, ಆದರೂ ಕಟ್ಟಿದರು.

ಪ್ರೀತಿ ಅಂದರೆ ಇದೇ ಇರಬೇಕು, ಇಡೀ ಮನೆ ಒಟ್ಟಿಗೆ ಮೂಗು ಮುಚ್ಚಿಕೊಳ್ಳುವುದು. (ಈ ವಾಕ್ಯ ನನಗೆ ಬಹಳ ಹಿಡಿಸಿತು. ಹಿಡಿಸಿದ ವಾಕ್ಯವನ್ನು ಹೊಡೆದುಹಾಕಬೇಕಂತೆ. ನೋಡೋಣ.)

೩

ಒಂದು ದಿನ ಬಂದ ಎಣ್ಣೆ ಹಳೇ ದಾಸ್ತಾನು. ಸೋಪಮ್ಮ ಬಣ್ಣ ನೋಡಿದಳು, ಚೆನ್ನಾಗಿತ್ತು. ಬೆರಳಲ್ಲಿ ತಿಕ್ಕಿ ನೋಡಿದಳು, ಚೆನ್ನಾಗಿತ್ತು. ಹಂಡೆಗೆ ಸುರಿದಳು. ಪಕ್ಕದಲ್ಲಿ ಹಂಡೆ ಹಿಡಿದುಕೊಂಡಿದ್ದ ನಾದಿನಿಯ ಮೂಗಿಗೆ ಕಮಟು ಹೊಡೆಯಿತು. ಅವಳು ಬಾಯಿ ತೆರೆದಳು, ಅತ್ತಿಗೆಯ ಮುಖ ನೋಡಿದಳು, ಮುಚ್ಚಿದಳು.

ಇಲ್ಲಿ ಅವಳ ಬಾಯಿಂದ ಮಾತು ಹೊರಡಿಸಿ ಒಂದು ಡ್ರಾಫ್ಟ್ ಬರೆದೆ. ಡಬ್ಬ ವಾಪಸ್ ಹೋಯಿತು, ವ್ಯಾಪಾರ ನಡೆಯಿತು, ಕಥೆ ಅರ್ಧ ಪುಟಕ್ಕೆ ಮುಗಿಯಿತು. ಅವರೆಲ್ಲ ಸುಖವಾಗಿದ್ದರು. ಹರಿದು ಹಾಕಿದೆ. ನನ್ನ ಕಸುಬೇ ಅಂಥದ್ದು.

ಪರಿಮಳ ಬೆರೆಸಿದರೆ ಮುಚ್ಚಿಹೋಗುತ್ತದೆ ಎಂದುಕೊಂಡಳು ನಾದಿನಿ. ಗಂಡನಿಗೂ ಪೆಟ್ಟಿಗೆ ತುಂಬುವಾಗ ಗೊತ್ತಾಯಿತು. ವ್ಯಾನಿನ ಕಿಟಕಿ ಇಳಿಸಿಕೊಂಡು ಹೊರಟ. ಅತ್ತೆಯವರು ತಮ್ಮ ಪಾಲಿನ ಬಿಲ್ಲೆಯನ್ನು ಬಚ್ಚಲ ಕಿಟಕಿಯ ಹೊರಗಿಟ್ಟು, ಬರೀ ನೀರು ಸುರಿದುಕೊಂಡು ಬಂದರು.

ಅಂಗಡಿಗಳ ಸೆಕೆಗೆ ಪರಿಮಳ ಹಾರಿತು. ಕಮಟು ಉಳಿಯಿತು. ಪೆಟ್ಟಿಗೆಗಳು ಒಂದೊಂದಾಗಿ ವಾಪಸ್ ಬಂದವು, ಆಮೇಲೆ ಆರ್ಡರುಗಳು ನಿಂತವು. ಹಳೇ ಪರಿಚಯದ ಅಂಗಡಿಯವನು ಫೋನಿನಲ್ಲಿ ಮೆತ್ತಗೇ ಕೇಳಿದ:

"ಕಳ್ಸೋಕೆ ಮುಂಚೆ ಒಂದ್ಸಲ ಮೂಸಿ ನೋಡ್ಬಾರ್ದಿತ್ತಾ, ಅಮ್ಮಾ?"

ಸೋಪಮ್ಮ ಫೋನ್ ಕೆಳಗಿಟ್ಟು ಹಿಂದಿನ ಕೋಣೆಗಳಿಗೆ ಬೀಗ ಹಾಕಿದಳು. ನಾದಿನಿ ಮರುವಾರವೇ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಕೆಲಸಕ್ಕೆ ಸೇರಿದಳು. ಒಂದೇ ಮನೆಯಲ್ಲಿದ್ದೂ ಇಬ್ಬರೂ ಎದುರಾಗದಂತೆ ಊಟ ಮಾಡಲು ಕಲಿತರು.

೪

ಅವಳನ್ನು ಎಬ್ಬಿಸುವುದು ಈಗ ನನ್ನ ಜವಾಬ್ದಾರಿ. ಹೋದೆ. ಬೀಗ ತೆಗೆದು ಹಂಡೆ ಉಜ್ಜುತ್ತಿದ್ದಳು.

"ಮುಂದೇನು ಮಾಡ್ತೀರಿ?"

"ಹಂಡೆ ತೊಳೀತೀನಿ."

"ಅದಲ್ಲ. ಹೊಸ ಬದುಕು, ಅಂತ..."

"ಅದನ್ನ ಕೊಳೆ ಹಂಡೇಲಿ ಮಾಡೋಕಾಗತ್ತಾ?"

ಒಂದು ಐಡಿಯಾ ಕೊಟ್ಟೆ. "ಪರಿಮಳಾನೇ ಇಲ್ಲದ ಸೋಪು ಮಾಡಿ. ಕಾಯಿಲೆಯವರಿಗೆ, ಮಕ್ಕಳಿಗೆ, ಸೆಂಟು ಆಗದವರಿಗೆ. ಸಿಂಬಾಲಿಕ್ ಆಗೂ ಇರತ್ತೆ."

"ನಿಮಗೇನು, ಸಿಂಬಾಲಿಕ್ ಅಂತೀರಿ. ಎಣ್ಣೆ ಒಂಚೂರು ಹಾಳಾಗಿದ್ರೂ ಅದ್ರಲ್ಲಿ ಎದ್ದು ಬರತ್ತೆ. ಮುಚ್ಚೋಕೆ ಏನೂ ಇರಲ್ಲ."

ಉಜ್ಜುವುದನ್ನು ನಿಲ್ಲಿಸಿದಳು.

"ಮುಚ್ಚೋಕೆ ಏನೂ ಇರಲ್ಲ," ಎಂದು ತನಗೇ ಇನ್ನೊಮ್ಮೆ ಹೇಳಿಕೊಂಡಳು. ಅಂಥ ಸೋಪನ್ನೇ ಮಾಡುತ್ತೇನೆ ಎಂದು ಅವಳು ಗಟ್ಟಿಮಾಡಿಕೊಂಡದ್ದು ಆಗ. (ಐಡಿಯಾ ನನ್ನದು ಎಂದು ಎಲ್ಲಾದರೂ ಬರೆಯಬೇಕೆಂದಿದ್ದೆ. ಬರೆದಂತಾಯಿತು.)

ಆದರೆ ಅದಕ್ಕೆ ಒಂದು ಮೂಗು ಬೇಕಿತ್ತು. ಈ ಕೆಲಸ ಬಲ್ಲ ಮೂಗು ಮನೆಯಲ್ಲಿ ಒಂದೇ ಇತ್ತು, ಅದು ಪ್ರೆಸ್ಸಿನಲ್ಲಿ ಇಂಕು ಕುಡಿಯುತ್ತಿತ್ತು. ನಾದಿನಿ ಬರದಿದ್ದರೆ ಆ ಬೀಗ ಮತ್ತೆ ಬೀಳುವುದೇ.

೫

ನಾದಿನಿ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಸೋಪಮ್ಮ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು.

"ನಿಂಗೆ ಅವತ್ತೇ ಗೊತ್ತಾಗಿತ್ತು, ಅಲ್ವಾ?"

"ಹೂಂ."

"ಯಾಕೆ ಬಾಯಿ ಬಿಡ್ಲಿಲ್ಲ?"

"ಅವತ್ತು ನೀವು ಹಾಡ್ಕೊಳ್ತಾ ಇದ್ರಿ ಅತ್ತಿಗೆ. ಜ್ವರ ಬಂದ್ಮೇಲೆ ಅದೇ ಮೊದಲು."

"ಅಷ್ಟು ಚೆನ್ನಾಗಿ ಹಾಡ್ತಿದ್ನಾ?"

"ಇಲ್ಲ. ತಾಳ ತಪ್ತಾ ಇತ್ತು."

"ಅದನ್ನಾದ್ರೂ ಹೇಳ್ಬೋದಿತ್ತಲ್ಲೇ, ಕತ್ತೆ!"

ನಾದಿನಿ ಒದ್ದೆ ಟವೆಲಿನ ಹಿಂದೆ ಮುಖ ಇಟ್ಟುಕೊಂಡಳು. ಸೋಪಮ್ಮ ಟವೆಲನ್ನು ಸರಿಸಿದಳು.

"ನಾಳೆಯಿಂದ ಕೆಳಗೆ ಬಾ. ಒಳಗೆ ಕಾಲಿಟ್ಟಾಗ ಏನು ಮೂಗಿಗೆ ಬಡಿಯತ್ತೋ ಅದನ್ನ ಹೇಳ್ಬೇಕು. ನನ್ನ ಮುಖ ನೋಡ್ಬಾರ್ದು."

"ನನ್ನಿಂದಾಗಲ್ಲ."

"ಈಗ್ಲೇ ಶುರು ಮಾಡು. ನಾನು ಹೇಗಿದೀನಿ?"

"ಅತ್ತಿಗೆ, ಬೇಡ."

"ಹೇಳೇ."

"ಬೆವರು."

"ಆಮೇಲೆ?"

"ಈರುಳ್ಳಿ. ಆಮೇಲೆ... ತಲೆ. ಮುಗ್ಗಲು."

"ಎಷ್ಟು ದಿನದಿಂದ?"

"ಸುಮಾರು ದಿನ ಆಯ್ತು."

"ಸೋಪು ಮಾಡೋ ಮನೇಲಿ!" ಎಂದಳು ಸೋಪಮ್ಮ. ನಗುವುದಕ್ಕೇ ಶುರು ಮಾಡಿದ್ದು, ಆದರೆ ಆ ನಗು ನಡುವೆ ಎಲ್ಲೋ ಕೈಕೊಟ್ಟಿತು. ನಾದಿನಿ ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಸ್ಟೂಲಿನ ಮೇಲೆ ಕೂರಿಸಿ, ತಲೆ ಉಜ್ಜಿದಳು. ಪ್ರತಿ ಚೊಂಬಿನ ನಂತರ ಬಗ್ಗಿ ಮೂಸಿ "ಇನ್ನೂ ಇದೆ" ಎಂದಳು. ಆಮೇಲೆ "ಹೋಯ್ತು" ಎಂದಳು. ಸೋಪಮ್ಮ ಅದನ್ನು ನಂಬಿದಳು.

(ಇಲ್ಲೇ ನಿಲ್ಲಿಸಿದರೆ ಚೆನ್ನಾಗಿರುತ್ತದೆ ಎಂದು ನನಗೂ ಗೊತ್ತು.)

ವಿಷಯ ತಿಳಿದ ಅತ್ತೆಯವರು, ತಿಂಗಳುಗಟ್ಟಲೆ ತಡೆದುಕೊಂಡಿದ್ದನ್ನು ಊಟದ ಮುಂದೆ ಹೊರಹಾಕಿದರು: "ನಿನ್ನ ಗಂಡನ ಸಾಕ್ಸ್ ಇದೆಯಲ್ಲ, ಅದನ್ನ ತೊಳೀಬೇಡ, ಹೂತುಬಿಡು."

"ಅಮ್ಮಾ, ಊಟ ಮಾಡ್ತಿದೀವಿ," ಎಂದ ಗಂಡ.

೬

ಅಂತ್ಯಗಳು.

ಮೊದಲನೆಯದರಲ್ಲಿ ವೇದಿಕೆಯಿದೆ, ಶಾಲಿದೆ, ಚಪ್ಪಾಳೆಯಿದೆ. ಸೋಪಮ್ಮ ಮೈಕಿನ ಮುಂದೆ ನಿಂತು ನನ್ನ ಕಡೆ ತಿರುಗಿ, "ನಾನೇನು ಹೇಳ್ಲಿ ಇವ್ರಿಗೆ? ಎಣ್ಣೆ ನೋಡಿ ತಗೊಳ್ಳಿ ಅಂತ ಹೇಳ್ಲಾ?" ಎಂದಳು. ಇಳಿಸಿಕೊಂಡು ಬಂದೆ.

ಎರಡನೆಯದರಲ್ಲಿ ಒಂದು ಬೆಳಗ್ಗೆ ವಾಸನೆ ವಾಪಸ್ ಬರುತ್ತದೆ. ಸಿಗುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಮೂರನೆಯದು ನಡೆದದ್ದು. ನಾದಿನಿ ಪ್ರೆಸ್ಸು ಬಿಟ್ಟು ಬಂದಳು. ಹೊಸ ಎಣ್ಣೆಯ ಪ್ರತಿ ಡಬ್ಬವನ್ನೂ ಮೂಸಿ ಒಪ್ಪಿದಳು. ಇಬ್ಬರೂ ಸೇರಿ ಒಂದು ಹಂಡೆ ಸೋಪು ಮಾಡಿದರು, ಬಣ್ಣವಿಲ್ಲ, ಪರಿಮಳವಿಲ್ಲ. ಬಿಲ್ಲೆಗಳು ಕಪಾಟಿನ ಮೇಲೆ ವಾರಗಟ್ಟಲೆ ಮಲಗಿದವು. ಗಟ್ಟಿಯಾದ ದಿನ ನಾದಿನಿ ಒಂದನ್ನು ಎತ್ತಿ ಮೂಸಿದಳು. ಹಳೇ ಅಭ್ಯಾಸಕ್ಕೆ ಅತ್ತಿಗೆಯ ಮುಖ ನೋಡಲು ತಿರುಗಿದವಳು, ಅರ್ಧದಲ್ಲೇ ಗೋಡೆಯ ಕಡೆ ತಿರುಗಿಕೊಂಡಳು.

ಇಲ್ಲಿ ನಾನು "ಚೆನ್ನಾಗಿದೆ" ಎಂದು ಬರೆದೆ. ಅವಳು ಹೇಳಲಿಲ್ಲ.

"ಕೆಟ್ಟಿದೆ," ಎಂದಳು.

"ಸ್ವಲ್ಪಾನಾ?"

"ಸ್ವಲ್ಪ ಅಂತ ಹೇಳೋಣ ಅಂದ್ಕೊಂಡೆ. ಇಲ್ಲ ಅತ್ತಿಗೆ. ಪೂರ್ತಿ ಕೆಟ್ಟಿದೆ."

ಸೋಪಮ್ಮ ಕಪಾಟಿನ ಉದ್ದಕ್ಕೂ ಕಣ್ಣು ಹಾಯಿಸಿದಳು. ಆಮೇಲೆ ಕೇಳಿದಳು:

"ಯಾವ ಕಡೇದು ಜಾಸ್ತಿ?"

ನಾದಿನಿ ಒಂದೊಂದನ್ನೇ ಮೂಸುತ್ತ ಹೋದಳು. "ಕಿಟಕಿ ಪಕ್ಕದ್ದು."

"ಹಾಗಾದ್ರೆ ಎಣ್ಣೆ ಅಲ್ಲ. ಬಿಸಿಲು."

"ಮುಂಚೆ ಹೀಗೆ ಆಗ್ತಿರ್ಲಿಲ್ವಲ್ಲ?"

"ಆಗ್ತಿತ್ತೇನೋ. ಸೆಂಟು ಮುಚ್ತಿತ್ತು."

ಕಿಟಕಿಗೆ ಹಲಗೆ ಹೊಡೆದು ಮುಚ್ಚಲು ಗಂಡ ಸುತ್ತಿಗೆ ತಂದ. ಅತ್ತೆಯವರು ಮೊಳೆ ಸೊಟ್ಟ ಎಂದರು. ಮುಂದಿನ ಹಂಡೆ ಸರಿಬಂತೇ, ಅಂಗಡಿಯವನು ಮತ್ತೆ ಬಾಗಿಲು ತೆಗೆದನೇ, ನನಗೆ ಗೊತ್ತಿಲ್ಲ. ಕೇಳಲು ಹೋದರೆ, "ಕೆಲ್ಸ ಇದೆ, ಆಮೇಲೆ ಬನ್ನಿ" ಎಂದು ನಾದಿನಿ ಬಾಗಿಲು ಹಾಕಿಕೊಂಡಳು. ನನಗೆ ಕಂಡಷ್ಟು ಲೆಕ್ಕ ಕೊಡುತ್ತೇನೆ.

ಆ ಸಲ ಹೋದದ್ದು: ಎರಡು ಡಬ್ಬ ಎಣ್ಣೆ, ಇಡೀ ಕಪಾಟಿನ ಬಿಲ್ಲೆಗಳು, ಒಂದು ಕಿಟಕಿ.